ಕಣ್ಣಿಗೆ ಬಿದ್ದ ಹಾಲು

ರಕ್ಕೂಶ ಬದುಕಿನಲ್ಲಿ ಕಲಿತದ್ದು ಒಂದೇ ವಿದ್ಯೆ: ಅಪ್ಪಣೆ ಕೊಡುವುದು. ಮದುವೆಯಾಗಿ ಈ ಬೋಳುಗುಡ್ಡದ ಬುಡಕ್ಕೆ ಬಂದ ಹೊಸತರಲ್ಲಿ ಆಡುಗಳಿಗೆ ಕೊಟ್ಟಳು, ಅವು ಕೇಳಲಿಲ್ಲ. ಗಂಡನಿಗೆ ಕೊಟ್ಟಳು, ಅವನು ಕೇಳಿ ಕೇಳಿ ಬೇಗ ಸತ್ತ. ಉಳಿದವನು ಮಗ ಬಿಹಿ. ಗಡ್ಡ ನರೆಯತೊಡಗಿದ ಮೇಲೂ ಗುಲ್ಮೀಮಿನ ಸಂತೆಗೆ ಯಾವ ಆಡನ್ನು ಹೊಡೆಯಬೇಕೆಂದು ತಾಯಿಯ ಮುಖ ನೋಡುವ ಗಂಡಸು. ಅವನ ಹೆಂಡತಿ ಇಜ್ಜ ಮೇಲಿನ ಕಣಿವೆಯವಳು, ಮಾತು ಕಡಿಮೆ. ಮಾತು ಕಡಿಮೆಯಿದ್ದವರಿಗೆ ಬುದ್ಧಿಯೂ ಕಡಿಮೆ ಎಂಬುದು ರಕ್ಕೂಶಳ ಸಿದ್ಧಾಂತ. ಆ ಲೆಕ್ಕದಲ್ಲಿ ರಕ್ಕೂಶ ಮಹಾ ಪಂಡಿತೆಯೇ ಆಗಬೇಕಿತ್ತು.

ಇಜ್ಜಳಿಗೆ ಹೆಣ್ಣು ಹುಟ್ಟಿತು. ತೂದಾ ಎಂದು ಹೆಸರಿಟ್ಟರು. ರಕ್ಕೂಶ ಮಗುವನ್ನು ಒಮ್ಮೆ ಎತ್ತಿ ನೋಡಿ, ಅಂಗಡಿಯಿಂದ ತಪ್ಪು ಸಾಮಾನು ಬಂದವರಂತೆ ವಾಪಸು ಕೊಟ್ಟಳು.

ಆ ಸೀಮೆಯಲ್ಲಿ ಎರಡು ವರ್ಷ ತುಂಬುವವರೆಗೆ ಮಗುವಿಗೆ ಎದೆಹಾಲು ಬಿಡಿಸುವುದಿಲ್ಲ. ಬಿಡಿಸುವ ದಿನ ಉಮ್ಮುಲ್ಬೀನದ ಟೊಂಗೆ ಮುರಿದು ತರುತ್ತಾರೆ. ಎಲೆಯೇ ಇಲ್ಲವೇನೋ ಎನ್ನುವಂತೆ ಬರೀ ಮುಳ್ಳು ಹೆಣೆದುಕೊಂಡ ಪೊದೆ ಅದು. ಮಳೆ ಮರೆತ ವರ್ಷದಲ್ಲೂ ಹಳದಿ ಹೂ ಬಿಡುತ್ತದೆ, ಮುರಿದರೆ ಹಾಲು ಸುರಿಸುತ್ತದೆ. ಆ ಹಾಲು ಅಂತಿಂಥ ಕಹಿಯಲ್ಲ. ಮೊಲೆತೊಟ್ಟಿಗೆ ಹಚ್ಚಿದರೆ ಮಗು ಮುಖ ಕಿವುಚಿ, ಅತ್ತು ಅತ್ತು, ಕೊನೆಗೆ ಬಾರ್ಲಿ ಗಂಜಿಗೆ ಒಗ್ಗಿಕೊಳ್ಳುತ್ತದೆ.

ತೂದಾಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಜ್ವರ ಬಂದು ಬಿಟ್ಟು, ಎಲುಬಿಗೆ ಚರ್ಮ ಅಂಟಿಕೊಂಡಿತ್ತು.

"ಇವತ್ತೇ ಹಾಲು ಬಿಡಿಸ್ಬಿಡು," ಎಂದಳು ರಕ್ಕೂಶ ಬೆಳಗಿನ ಚಹಾದ ಹೊತ್ತಿಗೆ. "ಹೀಗೆ ಕುಡಿಸ್ತಾ ಕೂತ್ರೆ ನೀನು ಬಸಿರಾದ ಹಾಗೇ. ನಂಗೆ ಮೊಮ್ಮಗ ಬೇಕು."

"ಗಂಜಿ ಹೊಟ್ಟೇಲಿ ನಿಲ್ತಿಲ್ಲ ಅತ್ತೆ. ನಿಲ್ತಿರೋದು ಹಾಲೊಂದೇ. ಬಿಡಿಸಿದ್ರೆ ಮಗು ಉಳಿಯಲ್ಲ."

"ಹೆಣ್ಣು ಎಲ್ಲಿ ಸಾಯುತ್ತೆ? ಆರು ಹೆತ್ತೋಳು ನಾನು. ನಂಗೇ ಪಾಠ ಹೇಳ್ತೀಯಾ?"

ಆರರಲ್ಲಿ ಬದುಕಿದವನು ಬಿಹಿ ಒಬ್ಬನೇ. ಇಜ್ಜ ಗಂಡನ ಕಡೆ ನೋಡಿದಳು. ಬಿಹಿ ಲೋಟದೊಳಗಿನ ಪುದೀನ ಎಲೆಯನ್ನು ಬಹಳ ಹೊತ್ತು ಪರೀಕ್ಷಿಸಿದ.

"ಅಮ್ಮ ಹೇಳಿದ ಮೇಲೆ..."

"ಹೇಳಿದ ಮೇಲೆ ಏನು?"

"ಹೇಳಿದ ಮೇಲೆ ಹೇಳಿದ ಹಾಗೇ," ಎಂದು ಎದ್ದು ಆಡುಗಳ ಕಡೆ ಹೋದ. ಆಡುಗಳಿಗೆ ಆಗ ಅವನಿಂದ ಆಗಬೇಕಾದ್ದೇನೂ ಇರಲಿಲ್ಲ. ಮನೆಯಲ್ಲಿ ಇತ್ತು.

ಇಜ್ಜ ಟೊಂಗೆ ತರಲು ಏಳಲಿಲ್ಲ. ರೊಟ್ಟಿಯ ಹಿಟ್ಟು ನಾದುತ್ತ ಕೂತಳು.

"ಕೈ ಸವೆದು ಹೋಗುತ್ತೇನೋ ಮಹಾರಾಣಿಗೆ! ನಾನೇ ತರ್ತೀನಿ, ನಾನೇ ಹಚ್ತೀನಿ," ಎಂದು ರಕ್ಕೂಶ ಹೊರಟಳು. ದೊಡ್ಡಿಯ ಆಚೆಗೇ ಪೊದೆ. ತಿಳಿದವರು ಕೈಗೆ ಬಟ್ಟೆ ಸುತ್ತಿ, ಮುಖ ಆಚೆ ತಿರುಗಿಸಿ ಕುಡುಗೋಲಿನಿಂದ ಕೊಯ್ಯುತ್ತಾರೆ. ರಕ್ಕೂಶ ಸೊಸೆಯ ಮೇಲಿನ ಸಿಟ್ಟನ್ನೆಲ್ಲ ಒಂದು ಟೊಂಗೆಯ ಮೇಲೆ ಹಾಕಿ ಬರಿಗೈಯಲ್ಲಿ ಜಗ್ಗಿದಳು. ಟೊಂಗೆ ಮುರಿದು ಪುಟಿಯಿತು. ಹಾಲು ನೇರ ಬಲಗಣ್ಣಿಗೆ ಸಿಡಿಯಿತು.

"ಯಾ ರಬ್ಬೀ! ಕಣ್ಣು ಹೋಯ್ತು! ಸತ್ತೆ!"

ನೆರೆಮನೆಯ ತಾಮೂ ಓಡಿಬಂದು ಅವಳನ್ನು ಅಂಗಳಕ್ಕೆ ನಡೆಸಿಕೊಂಡು ತಂದಳು. ಇಜ್ಜ ಕೊಡ ಎತ್ತಿ ಕಣ್ಣಿಗೆ ನೀರು ಸುರಿದಳು. ಉರಿ ಇಳಿಯಲಿಲ್ಲ.

"ಇದಕ್ಕೆ ಇರೋದು ಒಂದೇ ಮದ್ದು, ನಿಮಗೇ ಗೊತ್ತಲ್ಲ ಲಲ್ಲಾ ರಕ್ಕೂಶ," ಎಂದಳು ತಾಮೂ. "ಹೆಣ್ಣು ಹೆತ್ತೋಳ ಎದೆಹಾಲು ಕಣ್ಣಿಗೆ ಬಿಡ್ಬೇಕು."

"ಎಲ್ಲಿಂದ ತರ್ಲಿ?"

"ಎಲ್ಲಿಂದ ಅಂದ್ರೆ! ಊರಲ್ಲಿ ಈಗ ಹಾಲು ಕುಡಿಸೋಳು ಇರೋದೇ ಒಬ್ಳು. ನಿಮ್ಮ ತಲೆ ಮೇಲೆ ನೀರು ಹೊಯ್ತಿದ್ದಾಳೆ ನೋಡಿ." ತಾಮೂ ನಗೆ ತಡೆಯುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ.

ಇಜ್ಜ ಕೈ ತೊಳೆದು, ತೂದಾಳನ್ನು ಎತ್ತಿಕೊಂಡು ಎದೆಗೆ ಹಾಕಿಕೊಂಡಳು.

"ಅಯ್ಯೋ, ಮೊದ್ಲು ನನ್ನ ಕಣ್ಣು!"

"ಮಗು ಬಾಯಿ ಹಾಕ್ದೆ ಹಾಲು ಇಳಿಯಲ್ಲ ಅತ್ತೆ. ತಡ್ಕೊಳ್ಳಿ."

ತೂದಾ ಅವಸರ ಮಾಡಲಿಲ್ಲ. ಅವಳು ಕುಡಿದು ಸಾಕಾದ ಮೇಲೆ ಅತ್ತೆಯ ಕಣ್ಣಿನ ಸರದಿ ಬಂತು.

"ಎಷ್ಟು ದಿನ ಬಿಡ್ಬೇಕು?" ಇಜ್ಜ ತಾಮೂಳನ್ನು ಕೇಳಿದಳು.

"ಕೆಂಪು ಪೂರ್ತಿ ಹೋಗೋವರೆಗೂ. ನಡುವೆ ನಿಲ್ಲಿಸಿದ್ರೆ ಪೊರೆ ಬರುತ್ತೆ ಅಂತಾರೆ."

"ಹಾಗಾದ್ರೆ ಅತ್ತೆ, ಇವತ್ತು ಹಾಲು ಬಿಡಿಸೋದು?"

ರಕ್ಕೂಶ ಒಂದೇ ಕಣ್ಣಲ್ಲಿ ಎರಡು ಕಣ್ಣಿನಷ್ಟು ದುರುಗುಟ್ಟಿದಳು. "ಹುಚ್ಚಿ! ಯಾರೇ ಹೇಳಿದ್ದು ನಿಂಗೆ ಬಿಡ್ಸು ಅಂತ?"

ಕಣ್ಣು ವಾಸಿಯಾಯಿತು. ನೀರಿನಿಂದಲೋ, ಹಾಲಿನಿಂದಲೋ, ತನ್ನಷ್ಟಕ್ಕೋ ಹೇಳಲಾಗದು. ರಕ್ಕೂಶ ಮಾತ್ರ ಹಾಲಿನಿಂದಲೇ ಎಂದು ಬಾವಿಯ ಬಳಿ ಸಾರಿದಳು. ನೀರು ಯಾರ ಮನೆಯಲ್ಲೂ ಇರುತ್ತದೆ, ಜಂಬ ಕೊಚ್ಚಿಕೊಳ್ಳಲು ಅದರಲ್ಲೇನಿದೆ? ತಾನೇ ಮೊಮ್ಮಗಳಿಗೆ ಇನ್ನಷ್ಟು ಕಾಲ ಕುಡಿಸಲು ಹೇಳಿದ್ದೆನೆಂದೂ, ತನಗೆ ಮೊದಲೇ ಹೊಳೆದಿತ್ತೆಂದೂ ಸೇರಿಸಿದಳು. ನಂಬುವವರು ನಂಬಿದರು. ಬಿಹಿಯಂತೂ ನಂಬಿದ.

ದೂಳು ಗಾಳಿಯ ಕಾಲ ಬಂತು. ಕಣ್ಣು ಕೆಂಪಾದವರು ಇಜ್ಜಳ ಹಾಲು ಕೇಳಿಕೊಂಡು ಸುತ್ತಲ ಮನೆಗಳಿಂದ ಬರತೊಡಗಿದರು. ತೂದಾಳ ತೊಡೆಯಲ್ಲಿ ಆಗಲೇ ಮಡಿಕೆಗಳು ಬಿದ್ದಿದ್ದವು. ಹೊಸ್ತಿಲಲ್ಲಿ ಕೂತ ರಕ್ಕೂಶ ಬಂದವರನ್ನು ಗದರಿಸಿದಳು:

"ಗದ್ದಲ ಮಾಡ್ಬೇಡ್ರೋ! ನನ್ನ ಮೊಮ್ಮಗಳು ಕುಡೀತಿದ್ದಾಳೆ, ಕಾಣಲ್ವಾ?"