ಪಾಸಾದ ಡ್ರೈವರ್, ಸೈಕಲ್ ಟ್ಯೂಬು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಕರೆಂಟ್ ಹೋದದ್ದು, ಬಂದದ್ದು ಬರೆದಿಡುವ ನೋಟ್‌ಬುಕ್ಕಿನಲ್ಲಿ ನಾನೇ ಅದನ್ನು ಬರೆದು, ಚಹಾದ ಲೋಟ ಹಿಡಿದು ಪ್ರೆಸ್ಸಿನ ಕಡೆಗೆ ಹೋಗಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ತಗಡನ್ನು ಅಚ್ಚಿನ ಮೇಲಿಟ್ಟು ಒತ್ತುವ ಪ್ರೆಸ್ಸುಗಳನ್ನು ನಾವು ಕಂಪ್ಯೂಟರಿನಿಂದ ನಡೆಸಲು ಹೊರಟಿದ್ದೆವು. ಅದಕ್ಕೆ, ಕಂಪ್ಯೂಟರಿನೊಳಗೆ ಕೂತು ತಂತಿಗಳ ಮೂಲಕ ಪ್ರೆಸ್ಸಿಗೆ ಅಪ್ಪಣೆ ಕಳಿಸುವ ಒಂದು ಕಾರ್ಡು. ಕಂಪ್ಯೂಟರಿನ ಮಾತನ್ನು ಕಾರ್ಡಿಗೆ ದಾಟಿಸುವ ಸಣ್ಣ ಪ್ರೋಗ್ರಾಮು ಡ್ರೈವರ್. ಅದನ್ನು ಬರೆದವಳು ನಾನು.

ಪ್ರೆಸ್ ನಡೆಸುತ್ತಿದ್ದ ಮಿಸ್ತ್ರಿಯನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಕರೆಂಟ್ ಬಂದಾಗಲೆಲ್ಲ ಅವರದೊಂದು ರೂಢಿ: ಬಿಸ್ಮಿಲ್ಲಾ ಅಂದು ಅಚ್ಚಿನ ಮೇಲೆ ಬಟ್ಟೆ ಆಡಿಸಿ, ಆಮೇಲೆ ಬರಿಯ ಅಂಗೈಯಿಂದ ಸವರುವುದು. ಒಂದು ಕಣ ಮರಳಿದ್ದರೂ ಅಂಗೈಗೆ ತಿಳಿಯುತ್ತದೆ ಅನ್ನುತ್ತಿದ್ದರು. ಅಂದು ಬಟ್ಟೆ ಆಡಿಸಿ ಅಚ್ಚಿನ ಅಂಚಿನಲ್ಲೇ ಬಿಟ್ಟಿದ್ದರು. ಅಂಗೈ ಇಡುವ ಮೊದಲು ನನ್ನತ್ತ ತಿರುಗಿ, "ಚಾ ಆರಿಸಿಕೊಂಡು ತಂದೀಯೇನು ಬೇಟಿ?" ಎಂದು ಲೋಟಕ್ಕೆ ಕೈ ಚಾಚಿದರು. ಅವರ ಹಿಂದೆ ಪ್ರೆಸ್ ಇಳಿಯಿತು. ಯಾರೂ ಗುಂಡಿ ಒತ್ತಿರಲಿಲ್ಲ. ಮತ್ತೆ ಮೇಲೆದ್ದಾಗ ಬಟ್ಟೆ ಅಚ್ಚಿಗೆ ಅಂಟಿ ಕಾಗದದಂತಾಗಿತ್ತು.

ಲೋಟ ಓರೆಯಾಗಿ ಚಹಾ ಅವರ ಅಂಗಿಯ ಮೇಲೆ ಚೆಲ್ಲಿತು. ಅವರು ಅಂಗಿ ಕೊಡವಿಕೊಂಡು, "ಐದೂ ಬೆರಳು ಅದಾವ, ಬೇಕಾದ್ರೆ ಎಣಿಸು," ಅಂದರು. ಉಳಿದ ಚಹಾ ಕುಡಿದು ಮುಗಿಸಿ, ಪ್ರೆಸ್ಸಿನ ಕೋಣೆಯ ಮೇನ್ ಸ್ವಿಚ್ ಆರಿಸಿದರು.

ನನಗೆ ಅರ್ಥವಾಗದ್ದು ಇಲ್ಲಿಂದ ಶುರು. ಹಿಂದಿನ ದಿನವಷ್ಟೇ ಆ ಕಂಪ್ಯೂಟರಿಗೆ ಹೊಸ ಡ್ರೈವರ್ ಹಾಕಿದ್ದೆ. ಅದು ಪಾಸಾದದ್ದು. ಡ್ರೈವರುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವಿದೇಶದ ವೆಬ್‌ಸೈಟಿಗೆ ವಾರಗಟ್ಟಲೆ ಪರೀಕ್ಷೆಯ ಫಲಿತಾಂಶ ಕಳಿಸಿ ಗಿಟ್ಟಿಸಿದ್ದು. ಪತ್ರವಿಲ್ಲದ ಡ್ರೈವರ್ ಹಾಕಹೋದರೆ ಎಚ್ಚರಿಕೆಯ ಸಂದೇಶವೊಂದು ಪರದೆಯ ಮೇಲೆ ಬರುತ್ತಿತ್ತು. ಗಿರಾಕಿಗಳು ಅದನ್ನು ನೋಡಿಯೇ ಹೆದರುತ್ತಿದ್ದರು. ಸಂಜೆಯೊಳಗೆ ತಪ್ಪು ಸಿಕ್ಕಿತು. ಕಂಪ್ಯೂಟರ್ ಎದ್ದು ಡ್ರೈವರ್ ಕೆಲಸ ಶುರುಮಾಡುವ ಕ್ಷಣದಲ್ಲಿ ಕಾರ್ಡಿನ ಎಲ್ಲ ತಂತಿಗಳಿಗೂ ಒಮ್ಮೆ ಅಪ್ಪಣೆ ಹೋಗುತ್ತಿತ್ತು. ಪರೀಕ್ಷೆಯ ವಾರಗಳಲ್ಲಿ ಪ್ರೆಸ್ಸನ್ನು ಇಳಿಸುವ ಎಣ್ಣೆಯ ಪೈಪು ಮುಚ್ಚಿಟ್ಟಿದ್ದೆವು, ಪ್ರೆಸ್ ಕದಲಿರಲಿಲ್ಲ. ಎರಡು ಸಾಲು ತಿದ್ದಿದೆ.

ಅದೇ ಪಾಸಾದ ಡ್ರೈವರ್ ದಾವಣಗೆರೆಯಲ್ಲಿ, ಶಾಮನೂರಿನ ಹಾದಿಯ ಗಿರಾಕಿಯೊಬ್ಬರ ಶೆಡ್ಡಿನಲ್ಲೂ, ನಾವು ಕಳಿಸಿದ ಫ್ಲಾಪಿಯಿಂದ ಹಾಕಿಕೊಂಡು, ಓಡುತ್ತಿತ್ತು. ಅಲ್ಲಿ ಪ್ರೆಸ್ಸಿನ ಮುಂದೆ ಇಬ್ಬರು ಹೆಂಗಸರು ಕೂತು ಕೈಯಲ್ಲೇ ತಗಡು ಇಡುತ್ತಿದ್ದರು. ತಿದ್ದಿದ್ದನ್ನು ಫ್ಲಾಪಿಗೆ ಹಾಕಿಕೊಂಡು ನಮ್ಮ ವರ್ಕ್‌ಶಾಪಿನ ಯಜಮಾನರ ಬಳಿ ಹೋದೆ.

"ಪಾಸಾದದ್ದು ತೆಗೆದು ಪಾಸಾಗದ್ದು ಹಾಕು ಅಂತೀಯೇನವಾ?" ಅಂದರು. "ನಾಳೆ ಏನಾರ ಆದ್ರೆ ಯಾರು ಉತ್ತರ ಹೇಳೋರು?"

"ಪಾಸಾದದ್ದೇ ಚಾಚಾನ ಕೈ ತಗೀತಿತ್ತು ಸರ್."

ಅವರು ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. "ದಾವಣಗೆರೆಯವರಿಗೆ ಫೋನ್ ಮಾಡಿ ಹುಷಾರಾಗಿರ್ರಿ ಅಂತೀನಿ. ನೀನು ತಿದ್ದಿದ್ದಕ್ಕೆ ಪತ್ರ ತರಿಸು."

ಆಗ ಬೆಂಗಳೂರಿಗೆ ಎಸ್‌ಟಿಡಿ ಫೋನ್ ಹಚ್ಚಿದರೆ ಮಾತ್ರ ಇಂಟರ್‌ನೆಟ್ಟು. ಮೊದಲ ದಿನ ತಿದ್ದಿದ ಡ್ರೈವರ್ ಕಳಿಸಿದೆ, 'ತಲುಪಿದೆ' ಎಂದು ಬಂತು. ಮೂರನೆಯ ದಿನ ಪುಟವೇ ಬದಲಾಗಿತ್ತು: ಸೇವೆಯನ್ನು ನವೀಕರಿಸುತ್ತಿದ್ದೇವೆ, ಹಳೆಯ ಸಲ್ಲಿಕೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುತ್ತಿದ್ದೇವೆ. ಐದನೆಯ ದಿನ ನನ್ನ ಪಾಸ್‌ವರ್ಡ್ ನಡೆಯಲಿಲ್ಲ. ಹೊಸದು ಪಡೆದು ಒಳಗೆ ಹೋದರೆ ಮೊದಲಿನ ಡ್ರೈವರ್ ಮುಂದೆ 'ಪಾಸ್' ಎಂದು ಹಾಗೇ ಇತ್ತು, ತಿದ್ದಿದ್ದರ ಸುಳಿವೇ ಇಲ್ಲ. ಮತ್ತೆ ಕಳಿಸಲೋ, ಕಾಯಲೋ? ಎರಡು ಸಲ ಕಳಿಸಿದರೆ ಎರಡನ್ನೂ ತಳ್ಳಿಹಾಕಿಬಿಟ್ಟರೆ? ಯಾರನ್ನು ಕೇಳಬೇಕೆಂದು ತಿಳಿಯದೆ ಆ ಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಕಣ್ಣು ಮುಚ್ಚಿದರೆ ಪ್ರೆಸ್ ಇಳಿಯುತ್ತಿತ್ತು. ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ನೋಡದ ಆ ಹೆಂಗಸರ ಕೈಗಳ ಮೇಲೆ. ದಾವಣಗೆರೆಯಲ್ಲಿ ಈಗ ಕರೆಂಟ್ ಹೋಗಿರಬೇಕು, ಈಗ ಬಂದಿರಬೇಕು ಎಂದು ಹರಿಹರದಲ್ಲಿ ಕೂತೇ ಎಣಿಸುತ್ತಿದ್ದೆ. ಅಲ್ಲಿ ಹೋದದ್ದು ನನಗೆ ಗೊತ್ತಾಗುವುದೂ ಸಾಧ್ಯವಿರಲಿಲ್ಲ, ನಾನೇ ಅಂದುಕೊಳ್ಳುತ್ತಿದ್ದೆ.

ಹತ್ತನೆಯ ದಿನ ಚಾಚಾ, ಅಂದಿನಿಂದ ನಿಂತೇ ಇದ್ದ ಪ್ರೆಸ್ಸಿನ ಅಚ್ಚಿಗೆ ಅಂಟಿದ ಬಟ್ಟೆಯನ್ನು ಚಾಕುವಿನಿಂದ ಕೆರೆದು ತೆಗೆಯೋಣವೆಂದು, ಬೆಳಕಿಗಾಗಿ ಮೇನ್ ಹಾಕಿದರು. ಕಂಪ್ಯೂಟರಿನ ಸ್ವಿಚ್ಚು ಆರಿಸಿಯೇ ಇತ್ತು. ಎಣ್ಣೆಯ ಪಂಪು ಗುಂಯ್ ಎಂದು ಎದ್ದಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಟಿ, ನಿನ್ನ ಡ್ರೈವರ್ ಇನ್ನೂ ಮಲಗೈತೆ. ಇದನ್ನ ಯಾರು ಎಬ್ಬಿಸಿದ್ರು?"

ಪಂಪಿನ ಹಸಿರು ಗುಂಡಿಯ ಮೇಲೆ ಹಳೆಯ ಸೈಕಲ್ ಟ್ಯೂಬಿನ ತುಂಡು ಬಿಗಿದು ಕಟ್ಟಿತ್ತು. ಕಟ್ಟಿದವಳು ನಾನು. ಪ್ರಮಾಣಪತ್ರದ ಪರೀಕ್ಷೆ ಕಂಪ್ಯೂಟರನ್ನು ಮತ್ತೆ ಮತ್ತೆ ಆರಿಸಿ ಎಬ್ಬಿಸುತ್ತಿತ್ತು, ನಡುವೆ ಕರೆಂಟೂ ಹೋಗಿ ಪಂಪು ನಿಲ್ಲುತ್ತಿತ್ತು, ಪಂಪು ಓಡದೆ ಕಾರ್ಡು ಪರೀಕ್ಷೆಗೆ ಉತ್ತರಿಸುತ್ತಿರಲಿಲ್ಲ. ಪ್ರತಿ ಸಲ ಎದ್ದುಹೋಗಿ ಗುಂಡಿ ಒತ್ತಲು ಬೇಸರವಾಗಿ ಒತ್ತಿದ ಗುಂಡಿಯನ್ನು ಹಾಗೇ ಕಟ್ಟಿಹಾಕಿದ್ದೆ. ಪರೀಕ್ಷೆ ಮುಗಿದ ಮೇಲೆ ಬಿಚ್ಚಲಿಲ್ಲ. ಟ್ಯೂಬ್ ಇಲ್ಲದಿದ್ದರೆ ಕರೆಂಟ್ ಬಂದರೂ ಗುಂಡಿ ಒತ್ತುವವರೆಗೆ ಪಂಪು ಸತ್ತಿರುತ್ತಿತ್ತು, ಡ್ರೈವರ್ ಏನು ಅಪ್ಪಣೆ ಕೊಟ್ಟರೂ ಪ್ರೆಸ್ ಇಳಿಯುತ್ತಿರಲಿಲ್ಲ.

"ನಾನೇ ಚಾಚಾ," ಅಂದೆ.

"ದಾವಣಗೆರೆಯಾಗೂ ಕಟ್ಯಾರ," ಅಂದರು ಅವರು. "ಮೆಷಿನ್ ನೋಡಾಕ ಬಂದಾಗ, ಇದು ಚಲೋ ಐತಲ್ರಿ ಅಂತ ಕೇಳಿಕೊಂಡು ಹೋದ್ರು."

ಅವರು ಚಾಕು ಜೇಬಿಗೆ ಹಾಕಿಕೊಂಡರು. ಇಬ್ಬರೂ ಮುಂದಿನ ಬಸ್ಸು ಹತ್ತಿದೆವು. ಶೆಡ್ಡಿನಲ್ಲಿ ಆ ಇಬ್ಬರು ಹೆಂಗಸರು ಊಟದ ಡಬ್ಬಿ ಮುಚ್ಚುತ್ತಿದ್ದರು. ಚಾಚಾ ಯಾರನ್ನೂ ಕೇಳದೆ ಟ್ಯೂಬ್ ಕತ್ತರಿಸಿದರು.

"ಯಾಕ್ರಿ, ಚೆನ್ನಾಗಿತ್ತಲ್ಲ?" ಅಂದಳು ಒಬ್ಬಳು.

"ಚೆನ್ನಾಗಿತ್ತವ್ವಾ, ಬಾಳ ಚೆನ್ನಾಗಿತ್ತು. ಇನ್ನು ಕರೆಂಟ್ ಬಂದಾಗ ಕಂಪ್ಯೂಟರ್ ಪೂರ್ತಿ ಏಳಲಿ, ಆಮೇಲೆ ನೀನೇ ಎದ್ದು ಗುಂಡಿ ಒತ್ತು. ಸೊಂಟಕ್ಕೂ ಒಳ್ಳೇದು."

ಅವಳು ನಕ್ಕಳು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

ತಿದ್ದಿದ ಡ್ರೈವರ್ ಎಲ್ಲಿ ಹೋಯಿತೋ ಆ ಸಂಜೆಗೂ ತಿಳಿದಿರಲಿಲ್ಲ, ಪುಟ ಮತ್ತೆ ಬದಲಾಗುತ್ತಿತ್ತು. ಪಾಸ್ ಅಂದರೆ ಏನೆಂಬುದು ಇಂದಿಗೂ ನನಗೆ ಸರಿಯಾಗಿ ತಿಳಿದಿಲ್ಲ. ಆದರೆ ಆ ಟ್ಯೂಬಿನ ತುಂಡನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋದ ದಿನ, ಹತ್ತು ದಿನಗಳ ಮೇಲೆ ಮೊದಲ ಸಲ, ಬೆಳಗಾಗುವವರೆಗೆ ಎಚ್ಚರವಾಗದೆ ಮಲಗಿದೆ.