ಚಿಗವ್ವನ ಹೆಬ್ಬೆಟ್ಟು

ಮೊನ್ನೆ ಗಂಗಾವತಿಯ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಉಜ್ಜಿದರು. ಆ ವಾಸನೆಗೆ ನಿಮಗೆ ಸೂಜಿ ನೆನಪಾಗಬಹುದು. ನನಗೆ ಚಿಗವ್ವನ ಹೆಬ್ಬೆಟ್ಟು ನೆನಪಾಗುತ್ತದೆ.

ಆರೇಳು ವರ್ಷದ ಹಿಂದಿನ ಮಾತು. ನನ್ನ ತಾಯಿಯ ತಂಗಿ, ಇರಕಲ್ಲಗಡದ ಚಿಗವ್ವನಿಗೆ ಮುಟ್ಟಿನ ರಕ್ತಸ್ರಾವ ವಿಪರೀತವಾಗಿತ್ತು. ಓಣಿಯಲ್ಲಿ ನಾಲ್ಕು ಜನ ಗರ್ಭಚೀಲ ತೆಗೆಸಿದ್ದಾರೆಂದು, ಇವಳದನ್ನೂ ತೆಗೆಸುವುದೆಂದು ಮನೆಯವರೆಲ್ಲ ಕೂಡಿ ನಿಶ್ಚಯಿಸಿದರು. ಆ ಎಲ್ಲರಲ್ಲಿ ಚಿಗವ್ವ ಮಾತ್ರ ಇರಲಿಲ್ಲ. ಚಿಗಪ್ಪನಿಗೆ ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ. ಹಾಗಾಗಿ ಶಾಲೆಯ ಮಾಸ್ತರನೆಂಬ ಒಂದೇ ಅರ್ಹತೆಯ ಮೇಲೆ ನಾನು ಕೊಪ್ಪಳಕ್ಕೆ ಅವಳ ಜೊತೆ ಹೋದೆ.

ನಾನೇ ಹೇಳಿಕೊಳ್ಳಬಾರದು, ನನ್ನ ಸಹಿ ಬಹಳ ಚೆಂದ. ಖಾಲಿ ಗೆರೆ ಕಂಡರೆ ಕೈ ತಡೆಯುವುದಿಲ್ಲ. ಆಪರೇಷನ್ನಿನ ಒಪ್ಪಿಗೆ ಪತ್ರ ಬಂದದ್ದೇ ತಡ, ಓದದೆ ಹಾಕಿಬಿಟ್ಟೆ. ಚಿಗವ್ವನೂ ರೇಷನ್ ಅಂಗಡಿಯ ರೂಢಿಯಂತೆ, ಯಾರೂ ಕೇಳುವ ಮೊದಲೇ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ನಿಂತಳು.

ಅಲ್ಲಿನ ನರ್ಸ್ ಶಾಹೀನಾ ಕಾಗದ ಎಳೆದುಕೊಂಡು, ಸ್ಪಿರಿಟ್ ಹತ್ತಿಯಿಂದ ಆ ಹೆಬ್ಬೆಟ್ಟು ಒರೆಸಿದರು.

"ಇದನ್ನ ಆಮ್ಯಾಲ ಒತ್ರಿ, ಅವ್ವಾ. ನಿಮಗ ಏನ್ ಮಾಡ್ತಾರ, ಮೊದಲ ನನಗ ಹೇಳ್ರಿ."

"ನಮ್ಮ ಅಕ್ಕನ ಮಗನ್ನ ಕೇಳ್ರಿ. ಸಾಲಿ ಕಲ್ತಾನ," ಎಂದಳು ಚಿಗವ್ವ.

"ಹೇಳ್ರಿ ಮಾಸ್ತರ."

ನಾನು ನಾಚಿಕೆಯಿಂದ ಫ್ಯಾನಿನ ರೆಕ್ಕೆ ಎಣಿಸಿದೆ. ಮೂರಿದ್ದವು. ಕಡೆಗೆ, "ಒಳಗಿಂದ ಏನೋ ತಗೀತಾರ್ರೀ," ಎಂದೆ.

"ಹೊಟ್ಟಿ ಅವರದೈತ್ರಿ," ಎಂದು ನರ್ಸ್ ನನ್ನನ್ನು ಬದಿಗೆ ಸರಿಸಿ ಕುಳಿತರು. ತೆಗೆದರೆ ಏನು, ತೆಗೆಯದಿದ್ದರೆ ಏನು, ಎಲ್ಲ ಬಿಡಿಸಿ ಹೇಳಿದರು. ಚಿಗವ್ವ ಒಂದೇ ಪ್ರಶ್ನೆ ಕೇಳಿದಳು.

"ಗುಳಿಗಿ ಮ್ಯಾಲೆ ಹೋಗೂದಿಲ್ಲೇನ್ರಿ ಇದು?"

"ಅದನ್ನ ನೀವ ಡಾಕ್ಟರಿಗೆ ಕೇಳ್ರಿ. ನಾ ಬಾಜೂಕ ನಿಂದರ್ತೀನಿ."

ಚಿಗವ್ವ ಕೇಳಿದಳು. ಡಾಕ್ಟರು ರಿಪೋರ್ಟು ಮತ್ತೊಮ್ಮೆ ನೋಡಿ, ಗುಳಿಗೆಯಿಂದಲೂ ನೋಡಬಹುದು, ತೆಗೆಸಲೇಬೇಕೆಂದು ಹಟ ಹಿಡಿದವರು ನಿಮ್ಮ ಮನೆಯವರೇ ಅಲ್ಲವೇ ಎಂದರು. ಆಪರೇಷನ್ ಬಿಟ್ಟು, ಗುಳಿಗೆ ಬರೆಸಿಕೊಂಡು ಊರಿಗೆ ಹೊರಟೆವು. ನನ್ನ ಒಂದು ದಿನದ ರಜೆ ದಂಡವಾಯಿತೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಖ ಗಂಟುಹಾಕಿ ಕುಳಿತಿದ್ದೆ. ನೆನೆದರೆ ಈಗ ಅಸಹ್ಯವಾಗುತ್ತದೆ. ಚಿಗವ್ವನ ರಕ್ತಸ್ರಾವ ಗುಳಿಗೆಯಲ್ಲೇ ಹತೋಟಿಗೆ ಬಂತು.

ಮೊನ್ನೆ ಆಪರೇಷನ್ ನನಗೆ, ಹರ್ನಿಯಾದ್ದು. ಪತ್ರ ಬಂತು, ಗೆರೆ ಕಂಡಿತು, ಪೆನ್ನು ಎದ್ದಿತು. ಜೊತೆಗೆ ಬಂದಿದ್ದ ಚಿಗವ್ವ ನನ್ನ ಮುಂಗೈ ಹಿಡಿದಳು.

"ಮಾಸ್ತರ, ಏನ್ ಮಾಡ್ತಾರ, ಮೊದಲ ನನಗ ಹೇಳು."

ಮೇಲೆ ನೋಡಿದೆ, ಆ ಫ್ಯಾನಿಗೂ ಮೂರೇ ರೆಕ್ಕೆ. ಪೆನ್ನಿನ ಮುಚ್ಚಳ ಹಾಕಿ, "ಸ್ವಲ್ಪ ಕುಂದರ್ರಿ, ನನಗೂ ಬಿಡಿಸಿ ಹೇಳ್ರಿ," ಎಂದು ನರ್ಸಮ್ಮನಿಗೆ ಹೇಳಿದೆ. ಚಿಗವ್ವ ಬೆಂಚಿನ ಮೇಲೆ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.