ಹದಿನಾರು ಇಂಚು

2014ರಲ್ಲಿ ನಾನು ದುಬೈಯ ಸತ್ವಾದಲ್ಲಿದ್ದ ಒಂದು ಪ್ರಿಂಟಿಂಗ್ ಕಂಪನಿಯಲ್ಲಿ ಪ್ರೊಡಕ್ಷನ್ ಸೂಪರ್‌ವೈಸರ್ ಆಗಿದ್ದೆ. ಅಂಗಡಿಯ ಬೋರ್ಡು, ಮಾಲ್‌ಗಳ ಬ್ಯಾನರು, ನೆಲಕ್ಕೆ ಅಂಟಿಸುವ ದೊಡ್ಡ ವಿನೈಲ್ ಸ್ಟಿಕರು ನಮ್ಮ ಕೆಲಸ. ಈ ಘಟನೆಯನ್ನು ಹಲವು ಸಲ, ಹಲವು ರೀತಿಯಲ್ಲಿ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಹಳೆಯ ಮೇಲ್‌ಗಳನ್ನು ತೆರೆದು ನೋಡಿದ ಮೇಲೆ.

ಆ ವರ್ಷ ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದರ ಇತಿಹಾಸ ಶಿಕ್ಷಕಿ ಮಿಸ್ ಮರ್ಲೀನ್ ನಮ್ಮಲ್ಲಿಗೆ ಬಂದರು. ಕೆರಿಬಿಯನ್ ಸಮುದ್ರದ ಬಾರ್ಬೇಡೋಸ್ ದ್ವೀಪದವರು. ಅವರ ಕೈಯಲ್ಲಿ ಒಂದು ಹಡಗಿನ ನಕ್ಷೆಯಿತ್ತು. ಆಫ್ರಿಕಾದಿಂದ ಜನರನ್ನು ಸಂಕೋಲೆ ಹಾಕಿ ಅಟ್ಲಾಂಟಿಕ್ ದಾಟಿಸಿ ಕಬ್ಬಿನ ತೋಟಗಳಿಗೆ ಮಾರುತ್ತಿದ್ದ ಕಾಲದ್ದು. ಆ ವ್ಯಾಪಾರವನ್ನು ವಿರೋಧಿಸಿದವರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದ್ದು. ಹಡಗಿನ ತಳದಲ್ಲಿ ಮನುಷ್ಯರು ಸಾಲಾಗಿ ಮಲಗಿದ್ದಾರೆ, ಪೆಟ್ಟಿಗೆಯಲ್ಲಿ ಬೆಂಕಿಕಡ್ಡಿ ಜೋಡಿಸಿದ ಹಾಗೆ.

"ಇದರ ಒಂದು ಸಾಲು ನನ್ನ ಶಾಲೆಯ ಕಾರಿಡಾರಿನಲ್ಲಿ ಬೇಕು. ಮೂವತ್ತು ಜನ. ನಿಜವಾದ ಅಳತೆಯಲ್ಲಿ," ಎಂದರು. ಕಾರಿಡಾರ್ ನಲವತ್ತು ಅಡಿ ಉದ್ದ. ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು, ನಕ್ಷೆಯ ಫೈಲಿನ ಜೊತೆ ಕೊಟ್ಟು ಹೋದರು.

ಫೈಲ್ ಕೆಲಸ ವಾಲ್ಟರನದು. ಬಂಟ್ವಾಳದ ಕಡೆಯವನು, ನಮ್ಮ ಡಿಸೈನರ್. ಸತ್ವಾದ್ದೇ ಒಂದು ವಿಲ್ಲಾದಲ್ಲಿ ಬೆಡ್‌ಸ್ಪೇಸ್ ಹಿಡಿದಿದ್ದ. ಅಂದರೆ ಬಾಡಿಗೆಗೆ ಕೋಣೆಯಲ್ಲ, ಒಂದು ಮಂಚ. ಹಿಂದಿನ ತಿಂಗಳು ಒಂದು ಹೋಟೆಲಿನ ಅರಬ್ಬಿ ಬೋರ್ಡನ್ನು ತಲೆಕೆಳಗಾಗಿ ಪ್ರಿಂಟಿಗೆ ಬಿಟ್ಟು ಮಾಲೀಕರ ಕಣ್ಣಿಗೆ ಬಿದ್ದಿದ್ದ. ಅವನ ವೀಸಾ ರಿನ್ಯೂವಲ್ ಈ ಕೆಲಸ ಬಂದ ತಿಂಗಳೇ ಇತ್ತು. ಇನ್ನೊಂದು ತಪ್ಪಾದರೆ ಖಲಾಸ್ ಎಂದು ಮಾಲೀಕರು ಎಲ್ಲರೆದುರೇ ಹೇಳಿದ್ದರು.

ವಾಲ್ಟರ್ ಅಳತೆ ಹಾಕಿ ನನ್ನನ್ನು ಕರೆದ.

"ಅಣ್ಣಾ, ಇದೆಂತ ನೋಡಿ. ಉದ್ದ ಆರಡಿ, ಅಗಲ ಹದಿನಾರೇ ಇಂಚು. ನನ್ನ ಬೆಡ್‌ಸ್ಪೇಸೇ ಮೂವತ್ತು ಇಂಚು ಉಂಟು. ಅದರಲ್ಲೇ ಮಗ್ಗುಲು ತಿರುಗಿದರೆ ಕೆಳಗಿನ ಮಂಚದ ಫಿಲಿಪ್ಪೀನ್ಸಿನವ ಬೈಯುತ್ತಾನೆ."

"ಯಾರೋ ಫೈಲ್ ಹಿಂಡಿದ್ದಾರೆ ಮಾರಾಯ, ಟೀಚರು ಅದರಿಂದಲೇ ಅಳತೆ ತೆಗೆದಿರಬೇಕು," ಎಂದೆ. ನಮ್ಮ ವೃತ್ತಿಯಲ್ಲಿ ಇದು ದಿನನಿತ್ಯದ್ದು. ಗಿರಾಕಿಗಳು ಚಿತ್ರವನ್ನು ಅಡ್ಡಕ್ಕೋ ಉದ್ದಕ್ಕೋ ಎಳೆದು ಕಳಿಸುತ್ತಾರೆ, ಮುಖ ಸೊಟ್ಟಗಾಗಿರುತ್ತದೆ, ನಾವು ಕೇಳದೆಯೇ ಸರಿ ಮಾಡುತ್ತೇವೆ. "ಇಪ್ಪತ್ತನಾಲ್ಕು ಮಾಡು."

"ಟೀಚರಿಗೆ ಒಂದು ಫೋನ್ ಮಾಡುವುದಾ?"

"ಬೇಡ. ಯಲ್ಲಾ, ಬೇಗ ಪ್ರಿಂಟಿಗೆ ಬಿಡು."

ಇಪ್ಪತ್ತನಾಲ್ಕು ಇಂಚಿನ ಲೆಕ್ಕದಲ್ಲಿ ನಲವತ್ತು ಅಡಿಗೆ ಇಪ್ಪತ್ತೇ ಜನ ಹಿಡಿಯುತ್ತಿದ್ದರು. ಹತ್ತು ಜನರನ್ನು ಅಳಿಸಿದೆವು. ಕೀಲಿಮಣೆಯ ಒಂದು ಒತ್ತು, ಅಷ್ಟೇ.

ಉದ್ಘಾಟನೆಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ, ನಾನೂ ವಾಲ್ಟರನೂ ಹೋಗಿ ಅಂಟಿಸಿದೆವು. ಕಾರಿಡಾರ್ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಮಿಸ್ ಮರ್ಲೀನ್ ಬಂದು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ತುಟಿ ಅಲ್ಲಾಡುತ್ತಿತ್ತು; ಎಣಿಸುತ್ತಿದ್ದರು.

"ಇನ್ನು ಹತ್ತು ಜನ ಎಲ್ಲಿ?"

ಯಾರೋ ಫೈಲ್ ಹಿಂಡಿದ್ದಾರೆಂದುಕೊಂಡು ಅಗಲ ಮಾಡಿದ್ದನ್ನು ನಾನು ವಿವರಿಸಿದೆ. ಅವರು ಚಪ್ಪಲಿ ಬಿಟ್ಟು, ಪಾದದವರೆಗಿನ ಉದ್ದ ಸ್ಕರ್ಟನ್ನು ಸರಿಪಡಿಸಿಕೊಂಡು ಒಂದು ಆಕೃತಿಯ ಮೇಲೆ ಅಂಗಾತ ಮಲಗಿದರು. ಎರಡೂ ಕಡೆ ಜಾಗ ಮಿಕ್ಕಿತು.

"ನನಗಿಲ್ಲಿ ಆರಾಮಾಗಿದೆ," ಎಂದರು ಮೇಲಿನ ಟ್ಯೂಬ್‌ಲೈಟ್ ನೋಡುತ್ತಾ. "ಇದನ್ನು ನೋಡಿದ ಮಕ್ಕಳು, ಅಷ್ಟೇನೂ ಕಷ್ಟವಿರಲಿಲ್ಲ ಅಂದುಕೊಳ್ಳುತ್ತಾರೆ. ಇದಕ್ಕಿಂತ ಬರಿ ನೆಲವೇ ವಾಸಿ."

ಎದ್ದು ಅಂಟುಪಟ್ಟಿ ಕೇಳಿದರು. ಹದಿನಾರು ಇಂಚಿಗೆ ಎರಡು ಗೆರೆ ಎಳೆದೆವು. ಗೆರೆಗಳ ನಡುವೆ ಮಲಗಿ ನೋಡಿದ್ದು ನಾನೇ ಎಂದು ಬಹಳ ಮಂದಿಗೆ ಹೇಳಿದ್ದೇನೆ. ಅಲ್ಲ. ಮಲಗಿದ್ದು ವಾಲ್ಟರ್. ನಾನು ಟೇಪ್ ಹಿಡಿದು ನಿಂತಿದ್ದೆ. ಅವನ ಎರಡೂ ಭುಜ ಗೆರೆ ದಾಟಿದವು. ಅವನು ಸುಮ್ಮನೆ ಮಗ್ಗುಲಾದ. ಆಗ ಸರಿಹೋಯಿತು. ಯಾರೂ ಹೇಳಿಕೊಟ್ಟಿರಲಿಲ್ಲ.

"ಎಷ್ಟು ದಿನ ಹೀಗೆ?" ಎಂದು ನೆಲದಿಂದಲೇ ಕೇಳಿದ.

"ವಾರಗಳು. ಗಾಳಿ ಸರಿಯಿಲ್ಲದಿದ್ದರೆ ತಿಂಗಳುಗಳು," ಎಂದರು ಮಿಸ್ ಮರ್ಲೀನ್.

ವಾಲ್ಟರನ ಮಂಚದ ಜೊತೆ ಇದನ್ನು ಹೋಲಿಸುವ ಆಸೆ ನನಗೆ ಹಲವು ಸಲ ಬಂದಿದೆ. ಕೇಳುವವರಿಗೆ ಇಷ್ಟವಾಗುತ್ತದೆ. ನಮ್ಮ ಪಾಸ್‌ಪೋರ್ಟುಗಳು ಕಂಪನಿಯ ಕಪಾಟಿನಲ್ಲಿದ್ದದ್ದು ನಿಜ. ಆದರೆ ರಜೆ ಬಂದಾಗ ಅವು ಹೊರಬರುತ್ತಿದ್ದವು, ನಾವು ಮಂಗಳೂರಿನ ವಿಮಾನ ಹತ್ತುತ್ತಿದ್ದೆವು. ಆ ಆಕೃತಿಗಳಿಗೆ ರಜೆ ಇರಲಿಲ್ಲ. ಹೋಲಿಸಿದರೆ ಅವರ ಹದಿನಾರು ಇಂಚನ್ನು ಮತ್ತೆ ಅಗಲ ಮಾಡಿದ ಹಾಗೆ.

ಮರುಮುದ್ರಣಕ್ಕೆ ಮಾಲೀಕರ ಒಪ್ಪಿಗೆ ಬೇಕಿತ್ತು. ಅಲ್ಲಿಂದಲೇ ಫೋನ್ ಮಾಡಿದೆ.

"ಯಾರು ಮಾಡಿದ್ದು ಇದನ್ನು?" ಎಂದರು.

ವಾಲ್ಟರ್ ನನ್ನ ಪಕ್ಕದಲ್ಲೇ ಇದ್ದ. "ಡಿಸೈನ್‌ನಲ್ಲಿ ಆಯ್ತು ಸರ್," ಎಂದೆ.

ಅವನು ನನ್ನನ್ನೊಮ್ಮೆ ನೋಡಿದ. ಆಮೇಲೆ ಕುಳಿತು, ಮೊದಲನೆಯ ಆಕೃತಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಕೀಳತೊಡಗಿದ.

ಹೊಸ ಸ್ಟಿಕರ್ ಸಮಯಕ್ಕೆ ಬಂತು. ಮೂವತ್ತು ಜನ, ಹದಿನಾರು ಇಂಚು. ಮಿಸ್ ಮರ್ಲೀನ್ ಮತ್ತೊಮ್ಮೆ ಎಣಿಸಿ ಸಹಿ ಮಾಡಿದರು. ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಹೇಳುವಂಥದ್ದೇನೂ ಇರಲಿಲ್ಲ.

ಮಾಲೀಕರಿಗೆ ಮರುದಿನವೇ ನಿಜ ತಿಳಿಸಿದೆ ಎಂಬುದು ನನ್ನ ನೆನಪು. ಮೇಲ್ ತೆರೆದು ನೋಡಿದರೆ ಮೂರು ದಿನ ಕಳೆದಿದೆ. "ಅಗಲ ಮಾಡಲು ಹೇಳಿದ್ದು ನಾನು. ವಾಲ್ಟರ್ ಶಿಕ್ಷಕಿಯನ್ನು ಕೇಳೋಣ ಎಂದಿದ್ದ." ಎರಡೇ ಸಾಲು. ಅದನ್ನು ಬರೆಯಲು ಮೂರು ದಿನ ಹಿಡಿದಿತ್ತು. ಆ ಮೂರು ದಿನವೂ ವಾಲ್ಟರ್ ಊಟದ ಬಿಡುವಿನಲ್ಲಿ ಸತ್ವಾದ ಬೇರೆ ಪ್ರಿಂಟಿಂಗ್ ಅಂಗಡಿಗಳಿಗೆ ಕೆಲಸ ಕೇಳಿಕೊಂಡು ಹೋಗಿದ್ದನೆಂದು ಆಮೇಲೆ ಗೊತ್ತಾಯಿತು.

ಮಾಲೀಕರು ನನ್ನನ್ನು ಕರೆಸಿ ಬೈದರು, ಅವನ ವೀಸಾ ರಿನ್ಯೂ ಮಾಡಿಸಿದರು.

ಅಳತೆಯನ್ನು ನಂಬಲು ಕಷ್ಟವಾದರೆ ಫೈಲ್ ತಿದ್ದಬೇಡಿ, ಕೊಟ್ಟವರನ್ನು ಕೇಳಿ. ಆಮೇಲಿನ ವರ್ಷಗಳಲ್ಲಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನಾನು ಹೇಳಿಕೊಟ್ಟ ಮೊದಲ ಪಾಠ ಇದು. ಉಳಿದರ್ಧವನ್ನು, ತಪ್ಪನ್ನು ಯಾರ ಮೇಲೆ ಹಾಕಿದ್ದೆನೆಂಬುದನ್ನು, ಹೇಳುತ್ತಿರಲಿಲ್ಲ.

ವೀಸಾ ಸ್ಟ್ಯಾಂಪ್ ಆದ ದಿನ ವಾಲ್ಟರ್ ಒಂದು ಬ್ಯಾನರಿನ ಪ್ರೂಫ್ ತಂದು ನನ್ನ ಮೇಜಿನ ಮೇಲಿಟ್ಟ.

"ಅಳತೆ ಒಮ್ಮೆ ನೋಡಿ, ಸರ್," ಎಂದ.

ಮತ್ತೆರಡು ವರ್ಷ ನಾವು ಒಟ್ಟಿಗೆ ಕೆಲಸ ಮಾಡಿದೆವು. ಅವನು ನನ್ನನ್ನು ಅಣ್ಣಾ ಎಂದು ಮತ್ತೆ ಕರೆಯಲಿಲ್ಲ.